ಕಾರಿಗೆ ಬಡಿದ ಕಾಲ್ಗುಣ

ಹರಿಹರದಲ್ಲಿ ಮದುವೆ ಮುಗಿದು, ಮದುಮಗಳು ಶಾಂಭವಿಯನ್ನು ಗಂಡನ ಮನೆಗೆ ಕಳಿಸುವ ಹೊತ್ತು. ಅವಳು ಗಂಡಿನ ಕಡೆಯವರ ಕಾರು ಹತ್ತಿ ಕೂತಳು. ಕಾರು ಸ್ಟಾರ್ಟ್ ಆಗಲಿಲ್ಲ.

ಮುಂದಿನ ಸೀಟಿನಲ್ಲಿದ್ದ ಗಂಡಿನ ದೊಡ್ಡಪ್ಪ ಚನ್ನವೀರಪ್ಪ ಬೀದಿಗೆಲ್ಲ ಕೇಳುವಂತೆ ಅಂದರು: “ಬರುವಾಗ ಕುದುರೆ ಹಂಗೆ ಓಡಿದ ಕಾರು! ಹುಡುಗಿ ಕಾಲಿಟ್ಟಳು, ನಿಂತೇ ಹೋಯ್ತು. ಕಾಲ್ಗುಣ ನೋಡ್ರಿ!”

ಹುಡುಗಿಯ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಡ್ರೈವರ್ ಕೊಟ್ರೇಶಿ ಬಾನೆಟ್ ಎತ್ತಿ ನೋಡಿದ. ಬ್ಯಾಟರಿಯ ವೈರು ಸಡಿಲವಾಗಿತ್ತು. ಅದನ್ನು ಆಗಲೇ ಬಿಗಿ ಮಾಡಿದ್ದರೆ ಕಾರೇನೋ ಹೊರಡುತ್ತಿತ್ತು. ಆದರೆ ಕಾಲ್ಗುಣದ ಆ ಮಾತೂ ಹುಡುಗಿಯ ಜೊತೆ ಗಂಡನ ಮನೆಗೆ ಹೋಗುತ್ತಿತ್ತು.

“ಯಜಮಾನ್ರು ಹೇಳಿದ್ದು ಖರೆ ಇರಬೇಕು” ಅಂದ ಕೊಟ್ರೇಶಿ. “ಯಾರ ಕಾಲ್ಗುಣ ಅಂತ ನೋಡೇಬಿಡೋಣ. ತಂಗೀ, ಒಂಚೂರು ಇಳೀವ್ವಾ.”

ಶಾಂಭವಿ ಇಳಿದಳು. ಅವನು ಕೀಲಿ ತಿರುಗಿಸಿದ. ಕಾರು ಮಿಸುಕಲಿಲ್ಲ.

“ಅವಳದ್ದಲ್ಲ ಬಿಡ್ರಿ. ನೀ ಹತ್ತವ್ವಾ. ಈಗ ಯಜಮಾನ್ರು ಇಳೀರಿ.”

ಚನ್ನವೀರಪ್ಪ ಗೊಣಗುತ್ತ ಇಳಿದರು. ಕೊಟ್ರೇಶಿ ಮತ್ತೊಮ್ಮೆ ಬಾನೆಟ್ಟಿನೊಳಗೆ ಬಗ್ಗಿ, ವೈರು ಬಿಗಿ ಮಾಡಿ, ಬಂದು ಕೀಲಿ ತಿರುಗಿಸಿದ. ಕಾರು ಗುರ್ ಅಂತು!

ಬೀಗರೆಲ್ಲ ಚನ್ನವೀರಪ್ಪನವರ ಕಾಲನ್ನೇ ನೋಡತೊಡಗಿದರು.

“ಏನ್ ನೋಡ್ತೀರಿ? ಅವನು ಒಳಗೆ ಕೈಹಾಕಿ ಏನೋ ಸರಿ ಮಾಡಿದ! ಕಾರಿಗೂ ಕಾಲ್ಗುಣಕ್ಕೂ ಏನ್ರೀ ಸಂಬಂಧ?”

“ಇನ್ನೊಂದ್ಸಲ ಜೋರಾಗಿ ಹೇಳ್ರಿ ಯಜಮಾನ್ರೇ” ಅಂದ ಕೊಟ್ರೇಶಿ. “ಇಂಜಿನ್ ಸದ್ದಿಗೆ ಹುಡುಗಿ ತಾಯಿಗೆ ಕೇಳ್ಲಿಲ್ಲ.”