ಬ್ಯಾಂಡಿನವನ ಮನೆಯ ವಿಡಿಯೊ ಕಾಲ್

"ಗುರುಗಳೇ, ಮನೆಯ ಜಗಳವನ್ನು ಮೊಬೈಲಿನಲ್ಲಿ ಬಗೆಹರಿಸಲು ಆಗುತ್ತದೆಯೇ?"

ಕೊಟ್ರಯ್ಯ ಕೇಳಿದ ರೀತಿಯಲ್ಲೇ ಸಿಟ್ಟಿತ್ತು. ಮನೆಯ ತಾಪತ್ರಯ ಹೊತ್ತು ಮಠಕ್ಕೆ ಬರುವವರಿಗೆ ಬುದ್ಧಿ ಹೇಳುವ ಕೆಲಸವನ್ನು ಗುರುಗಳು ಈ ಶಿಷ್ಯನಿಗೆ ವಹಿಸಿದ್ದರು. ನಿನ್ನೆ ಬಂದಿದ್ದ ಗಂಡ ಹೆಂಡತಿ ಅವನ ಮಾತಿನ ನಡುವೆಯೇ ಎದ್ದು ಹೋಗಿದ್ದರು. ಹೋಗುವಾಗ ಆ ಹೆಂಗಸು, "ನಾವು ಆನ್‌ಲೈನಲ್ಲೇ ಕೌನ್ಸೆಲಿಂಗ್ ಮಾಡಿಸ್ಕೋತೀವಿ ಬಿಡಿ ಸ್ವಾಮಿ" ಎಂದಿದ್ದಳು.

"ಅಲ್ಲ, ನೀವೇ ಹೇಳಿ. ಆ ಆನ್‌ಲೈನಿನವಳು ಯಾವುದೋ ಊರಲ್ಲಿ ಕೂತವಳು. ಇವರ ಮನೆಯ ಹೊಸ್ತಿಲು ತುಳಿದವಳಲ್ಲ, ಒಂದು ಲೋಟ ನೀರು ಕುಡಿದವಳಲ್ಲ. ಅವಳಿಗೇನು ಗೊತ್ತು ಇವರ ಕಷ್ಟ? ನಾನು ಎಷ್ಟು ಚೆನ್ನಾಗಿ ಹೇಳುತ್ತಿದ್ದೆ! ಇನ್ನೂ ಅರ್ಧವೂ ಆಗಿರಲಿಲ್ಲ!"

ಗುರುಗಳಿಗೆ ನಗು ಬಂತು. "ಕೂತ್ಕೊಳ್ಳಪ್ಪ. ಒಳ್ಳೇ ಕತೆ ನೆನಪಾಯ್ತು. ಈಗಲೇ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ನಡುವೆ ಮಾತ್ರ ಬಾಯಿ ಹಾಕಬೇಡ" ಎಂದು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಬ್ಯಾಂಡಿನವನಿದ್ದ. ಮದುವೆ ಮೆರವಣಿಗೆಗಳಲ್ಲಿ ಟ್ರಂಪೆಟ್ ಊದುತ್ತಿದ್ದ. ಊದಿದನೆಂದರೆ ಮೂರು ಬೀದಿಗೆ ಕೇಳಬೇಕು. ಮನೆಯಲ್ಲೂ ಹಾಗೇ. ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ಉಪ್ಪು ತರಬೇಕು, ಅಂಥ ಗಂಟಲು!

ಅವನಿಗೆ ಒಬ್ಬಳೇ ಮಗಳು. ಕಾಲೇಜು ಓದುತ್ತಿದ್ದಳು, ಕಬಡ್ಡಿ ಆಡುತ್ತಿದ್ದಳು. ಆಡುತ್ತಿದ್ದಳು ಎಂದರೇನು, ಅಬ್ಬಬ್ಬಾ, ಅವಳು ಗೆರೆ ದಾಟಿ ಬಂದಳೆಂದರೆ ಎದುರಿನವರು ಹಿಂದೆ ಹಿಂದೆ ಸರಿಯುತ್ತಿದ್ದರು! ಒಮ್ಮೆ ಪಕ್ಕದೂರಿನ ಪಂದ್ಯದಲ್ಲಿ ಬಿದ್ದು ಕಾಲು ಮುರಿಯಿತು. ಆಸ್ಪತ್ರೆಯಿಂದ ಅಪ್ಪನಿಗೆ ಫೋನಿನ ಮೇಲೆ ಫೋನು ಮಾಡಿದಳು. ಅವನು ಎತ್ತಲಿಲ್ಲ. ಸಂಜೆ ಬಂದ. ಬಂದವನು, "ಬೇಡ ಅಂದ್ರೆ ಕೇಳಿದ್ಯಾ?" ಎಂದು ಎಲ್ಲರೆದುರು ಬೈದ. ಆವತ್ತಿನಿಂದ ಅವಳು ಅವನನ್ನು ಅಪ್ಪ ಎಂದು ಕರೆಯುವುದನ್ನೇ ಬಿಟ್ಟಳು.

ವರ್ಷ ಕಳೆಯಿತು. ಕಾಲು ಕೂಡಿತು. ತಂಡದವರು ಶಿಬಿರಕ್ಕೆ ಕರೆದರು. "ಕಬಡ್ಡಿ ಗಿಬಡ್ಡಿ ಎಲ್ಲ ಸಾಕು. ಮೈದಾನಕ್ಕೆ ಕಾಲಿಟ್ಟರೆ ಮತ್ತೆ ಈ ಮನೆಗೆ ಕಾಲಿಡಬೇಡ" ಎಂದು ಅಪ್ಪ ಕೂಗಾಡಿದ. ಮಗಳು ಬಟ್ಟೆ ತುಂಬಿ ಬ್ಯಾಗನ್ನು ಬಾಗಿಲ ಹಿಂದೆ ಇಟ್ಟಳು. ನಾಳೆ ಬೆಳಗಿನ ಬಸ್ಸಿಗೆ ಸೋದರಮಾವನ ಮನೆಗೆ ಹೋಗುತ್ತೇನೆ, ಇನ್ನು ಬರುವುದಿಲ್ಲ ಎಂದು ಅಮ್ಮನಿಗೆ ಮಾತ್ರ ಹೇಳಿದಳು.

ತಾಯಿಗೆ ಕೈಕಾಲೇ ಆಡಲಿಲ್ಲ. ಗಂಡನಿಗೆ ಹೇಳಿದರೆ ಇನ್ನಷ್ಟು ಕೂಗುತ್ತಾನೆ, ಮಗಳಿಗೆ ಹೇಳಿದರೆ ಎದ್ದು ಹೋಗುತ್ತಾಳೆ. ಹಿಂದೊಮ್ಮೆ ಮಗಳ ಕಾಲೇಜಿನ ಮೇಡಂ ಒಬ್ಬರು ಈ ತಾಯಿಗೆ ಒಂದು ನಂಬರು ಕೊಟ್ಟಿದ್ದರು. ಮನೆಮಂದಿಯನ್ನೆಲ್ಲ ವಿಡಿಯೊ ಕಾಲಿನಲ್ಲಿ ಕೂರಿಸಿ ಮಾತಾಡಿಸುವ ಸಲಹೆಗಾರ್ತಿಯ ನಂಬರು. ಧೈರ್ಯ ಮಾಡಿ ಕರೆ ಮಾಡಿದಳು. ಅಂದೇ ಸಂಜೆಗೆ ಸಮಯ ಸಿಕ್ಕಿತು! ಹೋಗುವ ಮುಂಚೆ ನನಗೋಸ್ಕರ ಒಂದು ಸಲ ಕೂತ್ಕೋ ಎಂದು ಮಗಳ ಕೈ ಹಿಡಿದಳು. ಗಂಡನನ್ನು ಕರೆದು ಬಾಗಿಲ ಹಿಂದಿನ ಬ್ಯಾಗನ್ನು ತೋರಿಸಿದಳು. ಅವನು ಬಂದು ಕೂತ.

ಕೊಟ್ರಯ್ಯನಿಗೆ ತಡೆಯಲಾಗಲಿಲ್ಲ. "ಅಂಥ ಗಂಟಲಿನವನು ಮೊಬೈಲಿಗೆ ಬಗ್ಗುತ್ತಾನೆಯೇ?" ಎಂದ.

"ಹಾಕಿದೆಯಾ ಬಾಯಿ!" ಎಂದರು ಗುರುಗಳು. "ಮಜಾ ಇರುವುದೇ ಈಗ, ಕೇಳು."

ಸಲಹೆಗಾರ್ತಿ ಒಂದೇ ಕಟ್ಟಳೆ ಹಾಕಿದಳು. ಒಬ್ಬರು ಮಾತಾಡುವಾಗ ಉಳಿದವರು ಏಳಬಾರದು, ನಡುವೆ ಮಾತಾಡಬಾರದು. ನಾನೂ ಮಾತಾಡುವುದಿಲ್ಲ ಎಂದಳು. ಮೂವರೂ ಒಪ್ಪಿದರು.

ಮೊದಲು ತಾಯಿ ಹೇಳಿಕೊಂಡಳು. ಅವಳು ಮುಗಿಸಿದ್ದೇ ತಡ, ಬ್ಯಾಂಡಿನವನು "ಕೊಡಿಲ್ಲಿ" ಎಂದು ಫೋನು ಕಸಿದುಕೊಂಡ. ಕಸಿದುಕೊಳ್ಳುವಾಗ ಅವನ ಹೆಬ್ಬೆರಳು ಒಂದು ಗುಂಡಿಗೆ ತಾಗಿ ಫೋನು ಮ್ಯೂಟ್ ಆಗಿಬಿಟ್ಟಿತು! ಇನ್ನು ಈ ಮನೆಯ ಒಂದು ಸೊಲ್ಲೂ ಸಲಹೆಗಾರ್ತಿಗೆ ಕೇಳುವುದಿಲ್ಲ. ಮೂರು ಬೀದಿಗೆ ಕೇಳುವ ಗಂಟಲು, ಕೈಯಲ್ಲಿರುವ ಫೋನಿಗೇ ಇಲ್ಲ! ಮನೆಯಲ್ಲಿ ಇದು ಯಾರಿಗೂ ಗೊತ್ತಾಗಲಿಲ್ಲ.

"ಕೇಳಿ ಮೇಡಂ!" ಎಂದು ಅವನು ಶುರುಮಾಡಿದ. ಮಗಳನ್ನು ಬೈದ. ಕಬಡ್ಡಿಯನ್ನು ಬೈದ. ಹೆಂಡತಿಯ ತವರಿನವರನ್ನು ಬೈದ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಹೆಂಡತಿ ನಡುವೆ ಬರುತ್ತಿದ್ದಳು, ಮಗಳು ಎದ್ದು ಹೋಗುತ್ತಿದ್ದಳು, ಮಾತು ಬೈಗುಳದಲ್ಲೇ ನಿಲ್ಲುತ್ತಿತ್ತು. ಈ ದಿನ ಯಾರೂ ಏಳಲಿಲ್ಲ. ಸಲಹೆಗಾರ್ತಿ ಅವನ ಮುಖದಿಂದ ಕಣ್ಣು ಕೀಳದೆ ನೋಡುತ್ತ ಕೂತಿದ್ದಳು. ಬೈದು ಬೈದು ಅವನಿಗೆ ಬೈಗುಳವೇ ಮುಗಿದುಹೋಯಿತು. ಆಮೇಲೆ, ಅವನದ್ದೇ ಹೌದೋ ಅಲ್ಲವೋ ಅನ್ನಿಸುವಷ್ಟು ಸಣ್ಣ ದನಿಯಲ್ಲಿ ಹೇಳಿದ.

"ಆವತ್ತು ನನಗೆ ಫೋನು ಕೇಳಿಸ್ಲೇ ಇಲ್ಲ ಮೇಡಂ. ಮೆರವಣಿಗೆಯಲ್ಲಿ ಊದ್ತಾ ಇದ್ದೆ. ಜೇಬಲ್ಲಿ ನನ್ನ ಮಗಳು ಅಳ್ತಾ ಇದ್ದಾಳೆ, ನಾನು ಊರವರನ್ನ ಕುಣಿಸ್ತಾ ಇದ್ದೀನಿ. ಸಂಜೆ ತೆಗೆದು ನೋಡಿದ್ರೆ ಅಷ್ಟೂ ಅವಳದ್ದೇ ಕಾಲ್‌ಗಳು. ಯಾವ ಮುಖ ಇಟ್ಕೊಂಡು ಹೇಳ್ಲಿ? ಅದಕ್ಕೇ ಬೈದೆ. ಇವಳು ಮತ್ತೆ ಆಡೋಕೆ ಹೋಗಿ, ಮತ್ತೆ ಬಿದ್ದು, ಮತ್ತೆ ನನಗೆ ಕೇಳಿಸ್ದೇ ಹೋದ್ರೆ? ಈಗಲೂ ಊದೋಕೆ ನಿಂತಾಗೆಲ್ಲ ಜೇಬು ಮುಟ್ಟಿ ಮುಟ್ಟಿ ನೋಡ್ಕೋತೀನಿ. ನನಗೆ ಭಯ ಮೇಡಂ."

ಆಗ ಸಲಹೆಗಾರ್ತಿ ಮೆಲ್ಲಗೆ ಹೇಳಿದಳು. "ಸರ್, ನಿಮ್ಮ ಫೋನ್ ಮ್ಯೂಟ್ ಆಗಿದೆ. ನನಗೆ ಏನೂ ಕೇಳಿಸಿಲ್ಲ. ಇನ್ನೊಂದು ಸಲ ಹೇಳ್ತೀರಾ?"

ಪಾಪ, ಬ್ಯಾಂಡಿನವನ ಮುಖ ನೋಡಬೇಕಿತ್ತು! "ಅಯ್ಯೋ ಶಿವನೇ! ಇನ್ನೊಂದು ಸಲ ಹೇಳೋದು ನನ್ನ ಕೈಲಾಗಲ್ಲ" ಎಂದು ಫೋನನ್ನು ಕೆಳಗಿಟ್ಟ.

ಮಗಳು ಅದನ್ನು ಎತ್ತಿಕೊಂಡಳು. ಗುಂಡಿ ಒತ್ತಿದಳು. "ನಾನು ಹೇಳ್ತೀನಿ ಮೇಡಂ. ಅಪ್ಪಂಗೆ ಆವತ್ತು ಫೋನು ಕೇಳಿಸ್ಲಿಲ್ಲವಂತೆ" ಎಂದಳು. ಅಪ್ಪ ಎಂದಳು ಕಣಯ್ಯಾ! ವರ್ಷದ ಮೇಲೆ ಆ ಬಾಯಲ್ಲಿ ಅಪ್ಪ ಅನ್ನುವ ಮಾತು ಬಂತು! "ನಾನು ಅಂದ್ಕೊಂಡಿದ್ದೆ, ಸಿಟ್ಟಿಗೆ ನೋಡೀನೂ ಎತ್ತಲಿಲ್ಲ ಅಂತ..." ಮುಂದಕ್ಕೆ ಆಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನೂ ಅತ್ತ. ಅವನು ಅತ್ತದ್ದು ಮೂರು ಬೀದಿಗೂ ಕೇಳಿಸಿತು!

ಮರುದಿನ ಬೆಳಗಿನ ಬಸ್ಸಿಗೆ ಅವಳು ತಂಡದ ಶಿಬಿರಕ್ಕೆ ಹೊರಟಳು. ಬ್ಯಾಗು ಅಪ್ಪನ ಹೆಗಲ ಮೇಲಿತ್ತು.

ಗುರುಗಳು ನಿಲ್ಲಿಸಿದರು. ಕೊಟ್ರಯ್ಯ ಕಣ್ಣೊರೆಸಿಕೊಂಡ. ಆದರೂ ಸೋಲಲು ಮನಸ್ಸಾಗಲಿಲ್ಲ.

"ಕತೆ ಚೆನ್ನಾಗಿದೆ ಗುರುಗಳೇ. ಆದರೆ ಇದರಲ್ಲಿ ಆ ಸಲಹೆಗಾರ್ತಿಯ ಹೆಚ್ಚುಗಾರಿಕೆ ಏನು ಬಂತು? ಮ್ಯೂಟ್ ಆದದ್ದು ಆ ಮನೆಯವರ ಅದೃಷ್ಟ. ಅವಳಿಗೆ ಅವನ ಒಂದು ಮಾತೂ ಕೇಳಿಸಲಿಲ್ಲ, ಅವಳು ಅವನಿಗೆ ಒಂದು ಮಾತೂ ಬುದ್ಧಿ ಹೇಳಲಿಲ್ಲ!"

"ಮ್ಯೂಟ್ ಆದ ಗುರುತು ಅವನ ಮೊದಲನೇ ಬೈಗುಳಕ್ಕೇ ಆಕೆಯ ಪರದೆಯ ಮೇಲೆ ಕಂಡಿತ್ತು ಕಣಯ್ಯ, ನೀನಾಗಿದ್ದರೆ ಆಗಲೇ ನಡುವೆ ಬಾಯಿ ಹಾಕಿ ಹೇಳಿಬಿಡುತ್ತಿದ್ದೆ" ಎಂದರು ಗುರುಗಳು.