ವ್ಯಾಪಾರಿ ತೊಳೆದ ಕಡಲು

“ಗುರುಗಳೇ, ನಿಂಗಪ್ಪಜ್ಜನನ್ನು ಅವರ ಊರಿಗೆ ಕಳಿಸಿಬಿಡಲೇ?” ಎಂದು ಮಹಾಂತ ಕೇಳಿದ.

ಮಠದ ಉಸ್ತುವಾರಿ ಈ ಶಿಷ್ಯನ ಕೈಗೆ ಬಂದು ಎಂಟು ದಿನವಾಗಿತ್ತು. ಗೋಡೆಗೆ ಸುಣ್ಣ ಬಳಿಸಿದ್ದ, ಮುರಿದ ಮಣೆಗಳನ್ನು ಒಲೆಗೆ ಹಾಕಿಸಿದ್ದ. ಉಳಿದದ್ದು ಜಗಲಿಯ ಮೇಲಿನ ಮುದುಕ.

“ಅಜ್ಜ ಇಲ್ಲಿನ ಕಡ್ಡಿ ಅಲ್ಲಿಡುವುದಿಲ್ಲ. ಜಗಳವಾಡಿದವರು, ಅಳುವವರು, ಗೊಣಗುವವರು ಎಲ್ಲ ಅವರ ಸುತ್ತಲೇ ನೆರೆಯುತ್ತಾರೆ. ಅಜ್ಜ ಎಲೆಅಡಿಕೆ ಮೆಲ್ಲುತ್ತ ಹೂಂಗುಡುತ್ತಾರೆ. ಮಠ ಚೊಕ್ಕಟವಾಗಿ ಕಾಣಬೇಡವೇ?”

ಗುರುಗಳು ನಕ್ಕರು. “ಕಳಿಸುವೆಯಂತೆ. ಮೊದಲು ಒಂದು ಕತೆ ಕೇಳು,” ಎಂದು ಶುರುಮಾಡಿದರು.

ಕಡಲ ದಂಡೆಯ ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿಯಿದ್ದ. ಅವನ ಹೆಂಡತಿಗೆ ದಿನವೂ ಕಡಲು ನೋಡದಿದ್ದರೆ ಊಟ ಸೇರದು. ಮಂಡಿನೋವು ಬಂದು ಆಕೆ ಮನೆ ಹಿಡಿದಳು. ಕಡಲನ್ನೇ ಮನೆಗೆ ತಂದರಾಯಿತು ಎಂದ ವ್ಯಾಪಾರಿ. ಗಾಜಿನ ತೊಟ್ಟಿ ಮಾಡಿಸಿ, ಉಪ್ಪುನೀರು ತುಂಬಿಸಿ, ಕಡಲ ಕಲ್ಲು ಜೋಡಿಸಿ, ಒಂದಿಷ್ಟು ಹವಳ ಇಟ್ಟು, ಎರಡು ಕಿತ್ತಳೆ ಬಣ್ಣದ ಮೀನು ಬಿಟ್ಟ. ನೀರನ್ನು ಸ್ಪಂಜಿನ ಮೂಲಕ ಸೋಸುವ ಯಂತ್ರವನ್ನೂ ಕೂಡಿಸಿದ. ಆಕೆ ಮೀನುಗಳಿಗೆ ಹೆಸರಿಟ್ಟಳು. ಅವು ತಿನ್ನದೆ ತಾನು ತಿನ್ನಳು.

ವರ್ಷ ಸುಖವಾಗಿ ಕಳೆದು ದೀಪಾವಳಿ ಬಂತು. ನೀರು ತುಂಬುವ ಹಬ್ಬದ ದಿನ ಹಂಡೆ, ಕೊಡ, ತಂಬಿಗೆಗಳನ್ನೆಲ್ಲ ಹುಳಿ ಹಚ್ಚಿ ಬೆಳಗಿ ಹೊಸ ನೀರು ತುಂಬುವುದು ರೂಢಿ. ವ್ಯಾಪಾರಿ ಮಹಾ ಶಿಸ್ತಿನವನು. ಅವನ ಕಣ್ಣು ತೊಟ್ಟಿಯ ಮೇಲೆ ಬಿತ್ತು. ಹಳೆಯ ನೀರಿನಲ್ಲಿ ಹಬ್ಬ ಮಾಡುವುದೇ? ಮೀನು, ಹವಳಗಳನ್ನು ಬಕೆಟ್ಟಿಗೆ ಹಾಕಿದ. ಕಂದುಗಟ್ಟಿದ ಕಲ್ಲುಗಳನ್ನು ನಲ್ಲಿಯಡಿ ಹಿಡಿದು ತೆಂಗಿನ ನಾರಿನಿಂದ ಉಜ್ಜಿದ. ಸ್ಪಂಜನ್ನು ಸೀಗೆಪುಡಿ ಹಾಕಿ ಹಿಂಡಿ ಬಿಸಿಲಿಗೆ ಹರವಿದ. ಹೊಸ ಉಪ್ಪುನೀರು ತುಂಬಿ, ಹಂಡೆಗೆ ಕಟ್ಟಿದಂತೆ ತೊಟ್ಟಿಗೂ ಒಂದು ಹೂಮಾಲೆ ಕಟ್ಟಿದ. ನೀರಿದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಯಿತು. ಬಂದವರೆಲ್ಲ ಹೊಗಳಿದರು. ವ್ಯಾಪಾರಿ ಉಬ್ಬಿಹೋದ.

ಬಲಿಪಾಡ್ಯಮಿಯ ಹೊತ್ತಿಗೆ ಹವಳ ಮುದುಡಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಹೆಂಡತಿ ಹೋಳಿಗೆಯ ತಟ್ಟೆ ಸರಿಸಿ ಅತ್ತಳು. ವ್ಯಾಪಾರಿ ಬರಿಗಾಲಿನಲ್ಲೇ ಓಡಿ, ತೊಟ್ಟಿ ಕಟ್ಟಿಕೊಟ್ಟಿದ್ದ ಮೀನುಗಾರನನ್ನು ಕರೆತಂದ.

“ಎಂಥ ಮಾಡಿದ್ರಿ ಸಾಹುಕಾರ್ರೇ?” ಎಂದ ಮೀನುಗಾರ.

“ಎಂಥದೂ ಇಲ್ಲ ಮಾರಾಯ. ಹಬ್ಬ ಅಂತ ಚೆನ್ನಾಗಿ ತೊಳೆದೆ, ಅಷ್ಟೇ.”

ಮೀನುಗಾರ ಹಣೆ ಚಚ್ಚಿಕೊಂಡ. “ಮೀನಿನ ಹೊಲಸು ನೀರಲ್ಲಿ ಕರಗಿ ವಿಷ ಆಗ್ತದೆ. ಅದು ಕಣ್ಣಿಗೆ ಕಾಣೂದಿಲ್ಲ. ಅದನ್ನ ತಿಂದು ಅರಗಿಸೋ ಸಣ್ಣ ಸಣ್ಣ ಜೀವಗಳು ಆ ಕಲ್ಲಲ್ಲಿ, ಆ ಸ್ಪಂಜಲ್ಲಿ ಮನೆ ಮಾಡಿದ್ವು. ನೀವು ಅವನ್ನೇ ಮೋರಿಗೆ ಬಿಟ್ರಲ್ಲ!”

ಅವನು ಅರ್ಧ ನೀರು ಬದಲಿಸಿದ. ತನ್ನ ಮನೆಯ ತೊಟ್ಟಿಯಿಂದ ತೊಳೆಯದ ಕಲ್ಲು, ಲೋಳೆಗಟ್ಟಿದ ಸ್ಪಂಜು ತಂದು ಇಳಿಸಿದ. ವ್ಯಾಪಾರಿಗೆ ಹೇಸಿಗೆಯಾಯಿತು. ಆದರೂ ಹೆಂಡತಿಯ ಮುಖ ನೋಡಿ ತಾನೂ ಕೈಹಾಕಿ ಕಲ್ಲು ಜೋಡಿಸಿದ. ಮರುದಿನ ಮೀನುಗಳು ಕೆಳಗಿಳಿದು ಕಲ್ಲಿನ ಸಂದಿಯಲ್ಲಿ ಆಡತೊಡಗಿದವು. ಆಕೆ ಅಂದು ಎರಡು ಹೋಳಿಗೆ ಹೆಚ್ಚಿಗೆ ತಿಂದಳು.

“ಒಳ್ಳೇ ಪೆದ್ದ ವ್ಯಾಪಾರಿ!” ಎಂದು ಮಹಾಂತ ಬಿದ್ದು ಬಿದ್ದು ನಕ್ಕ.

ಗುರುಗಳೂ ಅವನೊಡನೆ ಮನಸಾರೆ ನಕ್ಕರು. ಆಮೇಲೆ ಕೇಳಿದರು:

“ಅಪ್ಪನ ಮೇಲೆ ಮುನಿದು ನೀನು ಈ ಮಠಕ್ಕೆ ಬಂದ ಹೊಸದರಲ್ಲಿ, ದಿನವೂ ಯಾರ ಹತ್ತಿರ ಕೂತು ಅಳುತ್ತಿದ್ದೆಯಪ್ಪಾ?”