ಮೀನಿನ ಪುಡಿ ಮತ್ತು ಜವರ

ನಗಬೇಡ್ರಪ್ಪಾ, ಕತೆ ಇನ್ನೂ ಶುರುವೇ ಆಗಿಲ್ಲ. ಜವರನ ಹೆಸರು ಹೇಳಿದ್ದಕ್ಕೇ ಹಿಂಗೆ ನಕ್ಕರೆ ಮುಂದೇನು ಮಾಡ್ತೀರಿ?

ಸಣ್ಣತಾಯಮ್ಮನಿಗೆ ಇದ್ದದ್ದು ಒಬ್ಬ ಮಗ, ಒಂದು ಮೀನಿನ ಕಟ್ಟೆ. ಮಗ ಜವರ ದಡ್ಡ. ಕಟ್ಟೆ ಮೀನು ಸಾಕೋರ ಸಂಘದ್ದು, ಗುತ್ತಿಗೆಗೆ ಹಿಡಿದದ್ದು. ಸಂಘದ ಅಧ್ಯಕ್ಷರು ಪುಟ್ಟಮಾದೇಗೌಡರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ರು: "ಯುಗಾದಿ ಹೊತ್ತಿಗೆ ಮೀನು ಒಂದು ಕೇಜಿ ತೂಗಬೇಕು. ಇಲ್ಲದಿದ್ರೆ ಕಟ್ಟೆ ಬೇರೆಯವರಿಗೆ!"

ಮೀನೋ, ತಿಂದದ್ದು ಮೈಗೆ ಹತ್ತದೆ ಅಂಗೈಯಷ್ಟೇ ಉಳಿದಿದ್ವು. ಮೀನಿನ ಡಾಕ್ಟ್ರು ನೋಡಿ, "ಹೊಟ್ಟೆ ಸರಿಯಿಲ್ಲಮ್ಮ" ಅಂತ ಒಂದು ಪುಡಿ ಕೊಟ್ರು.

"ಜವರಾ, ಈ ಪುಡಿ ಮೀನಿಗೆ ಕೊಟ್ಟು ಬಾರಪ್ಪ" ಅಂದ್ಳು ತಾಯಿ.

ಜವರ ಹೋದ. ಅಂಗೈ ಮೇಲೆ ಪುಡಿ ಹಾಕ್ಕೊಂಡು ಏರಿ ಮೇಲೆ ನಿಂತ. ನಿಂತ, ನಿಂತ, ಮಧ್ಯಾಹ್ನದವರೆಗೂ ನಿಂತ. "ಅವ್ವಾ, ಒಂದು ಮೀನೂ ಬಂದು ಇಸ್ಕೊಳ್ಳಲಿಲ್ಲ!"

"ಅಯ್ಯೋ ನನ್ನ ಕರ್ಮವೇ! ಹಿಂಡೀಲಿ ಬೆರೆಸಿ, ಬೆಲ್ಲದ ನೀರಲ್ಲಿ ಉಂಡೆ ಕಟ್ಟಿ, ನೆರಳಲ್ಲಿ ಒಣಗಿಸಿ ನೀರಿಗೆ ಹಾಕಬೇಕು ಕಣೋ!"

ಆಗಲವ್ವಾ ಅಂದ. ಮಾರನೇ ದಿನ ಉಂಡೆ ಕಟ್ಟಿದ, ಬೇವಿನ ಮರದ ನೆರಳಿಗೆ ಮೊರ ಇಟ್ಟ. ನೆರಳು ಸರೀತು, ಮೊರ ಸರಿಸಿದ. ನೆರಳು ಸರೀತು, ಮೊರ ಸರಿಸಿದ. ಸರಿಸ್ತಾ ಸರಿಸ್ತಾ ಪಕ್ಕದವರ ಹಿತ್ತಲು ಸೇರಿದ. ಅಲ್ಲಿ ಕೋಳಿಗಳು ಉಂಡೆ ಎಲ್ಲಾ ತಿಂದು ಮುಗಿಸಿದ್ವು.

"ನೆರಳು ಹಿಡ್ಕೊಂಡು ಊರು ಸುತ್ತು ಅಂದೆನೇನೋ! ಕಟ್ಟೆ ಹತ್ರಾನೇ ಇರಬೇಕು. ಹಸಿದು ಬಾಯಿ ತೆಗೆದ ತಕ್ಷಣ ಒಂದುಂಡೆ ಹಾಕಬೇಕು!"

ಆಗಲವ್ವಾ ಅಂದ. ಮತ್ತೆ ಉಂಡೆ ಕಟ್ಕೊಂಡು ಕಟ್ಟೆ ಹತ್ರಾನೇ ಕೂತ. ಅಷ್ಟರಲ್ಲಿ ಅಧ್ಯಕ್ಷರು ಕಟ್ಟೆ ನೋಡೋಕೆ ಬಂದ್ರು. ಬಿಸಿಲಿಗೆ ದಣಿದಿದ್ರು, ಒಂದು ಆಕಳಿಕೆ ತೆಗೆದ್ರು. ಹಾಕಿಯೇಬಿಟ್ಟ ಜವರ ಉಂಡೆ! ಗೌಡರ ಹೊಟ್ಟೆ ಮಾರನೇ ದಿನ ಬಲು ಹಗುರಾಗಿತ್ತಂತೆ, ಅದು ಬೇರೆ ಮಾತು. ಆದರೆ ಅವತ್ತು ಕೆಂಡಾಮಂಡಲವಾಗಿ, "ಯುಗಾದಿಗೆ ನೋಡ್ಕೋತೀನಿ" ಅಂತ ಹೋದ್ರು.

ಸಣ್ಣತಾಯಮ್ಮ ಅತ್ತೇಬಿಟ್ಳು. "ಕಟ್ಟೆ ಹೋದ್ರೆ ನಾಳೆ ಏನು ತಿಂತೀಯೋ ಮಗನೇ!" ಅವತ್ತಿಂದ ಪುಡಿ ಉಂಡೆ ತಾನೇ ಹಾಕಿದಳು, ದಿನಾ, ಒಂದೇ ಹೊತ್ತಿಗೆ. ಮೀನು ಬೆಳೆದ್ವು.

ಯುಗಾದಿ ಹತ್ರ ಬಂತು. ಒಂದು ಮೀನು ಹಿಡಿದು ತೂಗಿ ನೋಡೋ ಅಂದ್ಳು. ಜವರ ತೂಗಿದ, ತೂಗಿ ಅಲ್ಲೇ ಬಿಟ್ಟು ಮುದ್ದೆ ಉಣ್ಣೋಕೆ ಹೋದ. ಪಾಪ, ಮೀನು ಸತ್ತೇಹೋಯ್ತು.

"ಕೊಂದ್ಯಲ್ಲೋ! ತೂಗಿದ ಮೇಲೆ ತಡ ಮಾಡದೆ ನೀರಿಗೆ ಬಿಡಬೇಕು ಕಣೋ. ಎಸೀಬಾರದು! ಎರಡೂ ಕೈಲಿ ತಬ್ಬಿ, ಮೆತ್ತಗೆ, ತಲೆ ಮುಂದಾಗಿ!"

ಆಗಲವ್ವಾ ಅಂದ.

ಯುಗಾದಿ ಬಂತು. ಸಂಘದವರೆಲ್ಲಾ ಏರಿ ಮೇಲೆ ಸೇರಿದ್ರು. ಬಲೆಯಿಂದ ಒಂದು ಕಾಟ್ಲಾ ಮೀನು ತೆಗೆದು, ನೀರಂಚಲ್ಲಿಟ್ಟ ಹಲಗೆ ತಕ್ಕಡಿ ಮೇಲೆ ತೂಗಿದ್ರೆ ಒಂದು ಕೇಜಿ ಇನ್ನೂರು ಗ್ರಾಂ! ಸಣ್ಣತಾಯಮ್ಮನಿಗೆ ಹೋದ ಜೀವ ಬಂದಂಗಾಯ್ತು.

ಗೌಡರು ನಂಬ್ತಾರಾ? "ಈ ತಕ್ಕಡಿ ಸುಳ್ಳು ಹೇಳ್ತದೆ. ನನ್ನ ತೂಕ ಎಂಬತ್ತೆರಡು ಕೇಜಿ, ನೋಡೇಬಿಡಾನ" ಅಂತ ತಾವೇ ಹತ್ತಿ ನಿಂತ್ರು. ಮುಳ್ಳು ಸರಿಯಾಗಿ ಎಂಬತ್ತೆರಡಕ್ಕೇ ನಿಂತಿತು. ಗೌಡರ ಮುಖ ಅರಳಿತು. "ಸಣ್ಣತಾಯಮ್ಮಾ, ಈ ಕಟ್ಟೆ ಇನ್ನು..."

ಅಷ್ಟೇ ಹೇಳಿದ್ದು. ಜವರ ಎರಡೂ ಕೈಲಿ ತಬ್ಬಿದ. ಮೆತ್ತಗೆ ಎತ್ತಿದ. ತಲೆ ಮುಂದಾಗಿ ಬಿಟ್ಟ.

"ಹೋಯ್ತು ನನ್ನ ಕಟ್ಟೆ!" ಅಂತ ತಾಯಿ ಹಣೆ ಹಣೆ ಬಡ್ಕೊಂಡ್ಳು.

ಗೌಡರು ಎದ್ದು ನಿಂತ್ರು, ಎದೆಮಟ್ಟ ನೀರು. ಸುತ್ತ ದಪ್ಪದಪ್ಪ ಮೀನು ಬಂದು ಹೊಟ್ಟೆಗೆ ಗುದ್ದಿದ್ವು. ಗೌಡರಿಗೆ ಕಚಗುಳಿ ತಡೀಲಾರದೆ ನಗು ಬಂತು. "ಎಂಥಾ ಮೀನು ಬೆಳೆಸಿದೀಯೇ ತಾಯಿ! ಕಟ್ಟೆ ನಿಂದೇ. ಮೊದಲು ನನ್ನ ಎತ್ತಿಸು!"

ಜವರ ಮಾತ್ರ ಏರಿ ಮೇಲೆ ಕೂತು ಮೀನಿಗೆ ಒಂದೊಂದೇ ಉಂಡೆ ಹಾಕ್ತಿದ್ದ. ಗೌಡರ ಸರದಿ ಬಂದಾಗ ಕೈ ತಡೆದ.

"ಇವರಿಗೆ ಬ್ಯಾಡ ಅಲ್ವೇನವ್ವಾ? ಆಗಲೇ ಎಂಬತ್ತೆರಡು ಕೇಜಿ ತೂಗ್ತಾವ್ರೆ!"